ಎಷ್ಟು ತೆಗೆದರೆ ಸಾಕು?

1898ರ ನವೆಂಬರ್ 16. ವಿಯೆನ್ನಾದ ವೈದ್ಯ ಅರ್ನ್ಸ್ಟ್ ವೆರ್ಟ್‌ಹೈಮ್, ಗರ್ಭಕಂಠದ ಕ್ಯಾನ್ಸರ್ ಇದ್ದ ಮಹಿಳೆಯ ಹೊಟ್ಟೆ ತೆರೆದು ಗರ್ಭಕೋಶದ ಜೊತೆಗೆ ಅದರ ಇಕ್ಕೆಲದ ಅಂಗಾಂಶವನ್ನೂ ಯೋನಿಯ ಮೇಲ್ಭಾಗವನ್ನೂ ತೆಗೆದರು. ಗಡ್ಡೆ ತೆಗೆದರೆ ಸಾಲದು, ಅದು ಹಬ್ಬುವ ದಾರಿಯನ್ನೂ ತೆಗೆಯಬೇಕೆಂಬುದು ಅವರ ನಂಬಿಕೆ. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ, ರಕ್ತ ಕೊಡುವ ವ್ಯವಸ್ಥೆಯೂ ಇರಲಿಲ್ಲ. ಮೊದಮೊದಲು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯಿಂದಲೇ ತೀರಿಕೊಂಡರು. 1911ರಲ್ಲಿ 500 ರೋಗಿಗಳ ವಿವರ ಪ್ರಕಟಿಸುವ ಹೊತ್ತಿಗೆ ಸಾವು ಬಹಳ ತಗ್ಗಿತ್ತು. ಶಸ್ತ್ರಚಿಕಿತ್ಸೆಗೆ ವೆರ್ಟ್‌ಹೈಮ್ ಹೆಸರು ನಿಂತಿತು. ಆ ಮೊದಲ ಹೆಂಗಸರ ಋಣ ಅದರ ಮೇಲಿದೆ.

ಈ ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ಗರ್ಭಕಂಠದ ಇಕ್ಕೆಲದ ಜಾಗದ್ದು. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ ಗರ್ಭಕಂಠದಿಂದ ಸುಮಾರು 2 ಸೆಂ.ಮೀ. ದೂರದಲ್ಲಿ, ಗರ್ಭಕೋಶದ ರಕ್ತನಾಳದ ಅಡಿಯಲ್ಲಿ ಹಾದುಹೋಗುತ್ತದೆ. ಅದನ್ನು ಗಾಯವಾಗದಂತೆ ಬಿಡಿಸಿ ಪಕ್ಕಕ್ಕೆ ಸರಿಸಿದ ಮೇಲೆಯೇ ಅಂಗಾಂಶ ಕತ್ತರಿಸಬೇಕು. ಮೂತ್ರಕೋಶದ ನರಗಳೂ ಅದೇ ಅಂಗಾಂಶದಲ್ಲಿವೆ. ಅವು ತುಂಡಾದರೆ ಮೂತ್ರ ಸರಿಯಾಗಿ ಹೋಗುವುದಿಲ್ಲ. ಕೆಲವರು ವಾರಗಟ್ಟಲೆ ಕ್ಯಾತಿಟರ್ ಇಟ್ಟುಕೊಂಡೇ ಬದುಕಬೇಕಾಗುತ್ತದೆ.

ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ಮಾಡುವ ದಾರಿಯನ್ನು ಅದೇ ವಿಯೆನ್ನಾದ ಫ್ರೀಡ್ರಿಶ್ ಶೌಟಾ ತೋರಿಸಿದ್ದರು. ಅದಕ್ಕೆ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆಯುವುದನ್ನು ಜೋಡಿಸಿದ್ದು ಕೋಲ್ಕತ್ತದ ಸುಬೋಧ್ ಮಿತ್ರ. ‘ಮಿತ್ರ ಆಪರೇಷನ್’ ಎಂಬ ಹೆಸರೇ ಬಂತು. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆ, ಅದು ಬೇಸರದ ಸಂಗತಿ.

1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಡೇನಿಯಲ್ ಡಾರ್ಜಾಂ ಗರ್ಭಕೋಶ ಉಳಿಸಿ ಗರ್ಭಕಂಠವನ್ನೂ ಅದರ ಪಕ್ಕದ ಅಂಗಾಂಶವನ್ನೂ ತೆಗೆದರು. ಗಡ್ಡೆ ಚಿಕ್ಕದಿದ್ದ, ಮಗು ಬೇಕೆಂದಿದ್ದ ಹೆಂಗಸರಿಗೆ ತಾಯಿಯಾಗುವ ಅವಕಾಶ ಉಳಿಯಿತು.

ಆಮೇಲೆ ಲ್ಯಾಪರೋಸ್ಕೋಪಿ, ರೋಬೋಟ್ ಬಂದವು. ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು, ಎಲ್ಲರೂ ಒಪ್ಪಿಕೊಂಡರು. 2018ರಲ್ಲಿ 631 ಮಹಿಳೆಯರ ಅಧ್ಯಯನ ಹೊರಬಂದಾಗ ವೈದ್ಯರು ದಂಗಾದರು. ನಾಲ್ಕೂವರೆ ವರ್ಷಗಳ ಬಳಿಕ ರೋಗವಿಲ್ಲದೆ ಬದುಕಿದ್ದವರು ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ ಶೇ 96.5, ಸಣ್ಣ ಗಾಯದ ಗುಂಪಿನಲ್ಲಿ ಶೇ 86. ಬಹಳಷ್ಟು ಆಸ್ಪತ್ರೆಗಳು ಹಳೆಯ ವಿಧಾನಕ್ಕೇ ಮರಳಿದವು. ತಮಗೆ ಒಗ್ಗಿದ ಕೈಚಳಕವನ್ನು ಅಂಕಿಯೆದುರು ಬಿಟ್ಟುಕೊಟ್ಟ ಆ ನಿರ್ಧಾರಕ್ಕೆ ನನ್ನ ಗೌರವವಿದೆ.

2024ರಲ್ಲಿ ಇನ್ನೊಂದು ಅಧ್ಯಯನ ಬಂತು. 2 ಸೆಂ.ಮೀ. ಮೀರದ, ಆಳಕ್ಕಿಳಿಯದ ಗಡ್ಡೆಯಿದ್ದ 700 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಪಕ್ಕದ ಅಂಗಾಂಶ ತೆಗೆಯದೆ ಸಾಮಾನ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಮೂರು ವರ್ಷದಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರುಕಳಿಸಿದ್ದು ಈ ಗುಂಪಿನಲ್ಲಿ ಶೇ 2.5, ಪಕ್ಕದ ಅಂಗಾಂಶವನ್ನೂ ತೆಗೆದ ಗುಂಪಿನಲ್ಲಿ ಶೇ 2.2. ಮೂತ್ರದ ತೊಂದರೆ ಮಾತ್ರ ಕಡಿಮೆ ತೆಗೆಸಿಕೊಂಡವರಲ್ಲೇ ಕಡಿಮೆ. ಗಡ್ಡೆ 4 ಸೆಂ.ಮೀ. ದಾಟಿದವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಬದಲು ರೇಡಿಯೇಷನ್, ಕಿಮೊಥೆರಪಿ. ಹೀಗಾಗಿ ಕಡಿಮೆ ತೆಗೆದರೆ ಸಾಕೆಂಬ ಅನುಕೂಲ ದಕ್ಕುವುದು ರೋಗ ಬೇಗ ಪತ್ತೆಯಾದವರಿಗಷ್ಟೇ.