ಮೂರು ನಿಮಿಷದ ಪಾಠ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಹಾಡುವುದಕ್ಕೆ ಮೊದಲು ಕೇಳುವುದೆಂಬ ಇನ್ನೊಂದು ಸಾಧನೆಯಿದೆ. ಅದಕ್ಕೆ ರೋಣ-ನರಗುಂದ ಸೀಮೆಯ ಮಕ್ಕಳು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಪಂಡಿತ ಭೀಮಸೇನ ಜೋಶಿ ಹುಟ್ಟಿದ್ದು ರೋಣದಲ್ಲಿ, 1922ರ ಫೆಬ್ರುವರಿ 4ರಂದು. ಅವರು ಗಾಯಕರಾಗುವ ಮೊದಲು ಹಟಮಾರಿ ಕೇಳುಗರಾಗಿದ್ದರು.

ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಮಗನಿಗೋ ಭಜನೆಯ ಮೇಳ, ವಾದ್ಯದವರ ಮೆರವಣಿಗೆ ಕಂಡರೆ ಸಾಕು, ಬೆನ್ನು ಹತ್ತಿ ಹೊರಟುಬಿಡುವ ಚಾಳಿ. ದಣಿದು ಎಲ್ಲೋ ಮಲಗಿಬಿಡುತ್ತಿದ್ದ ಹುಡುಗನನ್ನು ಕಂಡವರು ಮನೆ ಮುಟ್ಟಿಸಲಿ ಎಂದು ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ! ಇಂಥ ಹುಡುಗನ ಕಿವಿಗೆ ಗ್ರಾಮಫೋನ್ ತಟ್ಟೆಯೊಂದರಿಂದ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಬಿತ್ತು. ಹಾಡಿದರೆ ಹೀಗೆ ಹಾಡಬೇಕು ಎಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಬಾಲಕ ಭೀಮಸೇನ ಗುರುವನ್ನು ಅರಸಿ ಮನೆ ಬಿಟ್ಟ. ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿ ಕೊನೆಗೆ ಜಲಂಧರ್‌ನಲ್ಲಿ ತಂದೆಯ ಕೈಗೆ ಸಿಕ್ಕ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಒಪ್ಪಿಕೊಂಡರು. ಸವಾಯಿ ಗಂಧರ್ವರು ಯಾರ ಶಿಷ್ಯರು? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ತಟ್ಟೆಯಲ್ಲಿ ಕೇಳಿದ ದನಿಯ ಬೇರನ್ನೇ ಹುಡುಗ ಹುಡುಕಿಕೊಂಡಿದ್ದ. 2008ರಲ್ಲಿ ಭಾರತರತ್ನ ಪಡೆದ ಆ ಸಂಗೀತದ ಹಿಂದೆ ಮೂರು ನಿಮಿಷದ ಒಂದು ತಟ್ಟೆಯಿತ್ತು.

ಇದು ಒಬ್ಬರ ಕಥೆಯಷ್ಟೇ ಅಲ್ಲ. ಧಾರವಾಡದ ಬಾಲಕಿ ಗಂಗೂಬಾಯಿ ಹಾನಗಲ್ಲ ಎಲ್ಲಿಯಾದರೂ ಗ್ರಾಮಫೋನ್ ದನಿ ಕೇಳಿಸಿದರೆ ಬೀದಿಗೆ ಓಡುತ್ತಿದ್ದರು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಂಕಳಿ ಎಂಬ ಬಾಲಕ ದೊಡ್ಡ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಬೆರಗುಗೊಳಿಸುತ್ತಿದ್ದ. ಅವನೇ ಮುಂದೆ ಕುಮಾರ ಗಂಧರ್ವ.

ಅರಗಿನ ತಟ್ಟೆ

ಶಿರೋಳ ಎಂದರೆ ಸುತ್ತಲಿನ ಜನಕ್ಕೆ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನೆನಪಾಗುತ್ತದೆ. ಇಂಥ ಊರುಗಳಲ್ಲಿ ಕರೆಂಟು ಬರುವ ಮೊದಲೇ ಗ್ರಾಮಫೋನ್ ಹಾಡಬಹುದಾಗಿತ್ತು. ಕಾರಣ, ಅದಕ್ಕೆ ಕರೆಂಟೇ ಬೇಡ. ಚಾವಿ ಕೊಟ್ಟರೆ ಒಳಗಿನ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ತಟ್ಟೆಯನ್ನು ತಿರುಗಿಸುತ್ತದೆ. ಹಳೆಯ ಮನೆಗಳ ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ ಇಂಥ ತಟ್ಟೆಗಳ ಕಟ್ಟು ಸಿಕ್ಕರೆ ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ ನೋಡಬೇಕು.

ಕೈಗೆತ್ತಿಕೊಂಡಾಗ ಭಾರವೆನಿಸುವ, ಬಿದ್ದರೆ ಹಂಚಿನಂತೆ ಒಡೆಯುವ ತಟ್ಟೆಗಳು ಎಲ್ಲಕ್ಕಿಂತ ಹಳೆಯವು. ಅವು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯ ಕಥೆ ಮಕ್ಕಳಿಗೆ ಗೊತ್ತು. ಮರದ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅದೇ ಅರಗನ್ನು ಶುದ್ಧಮಾಡಿ, ಕಲ್ಲಿನ ನುಣ್ಣನೆಯ ಪುಡಿ, ಕಾಡಿಗೆಯಂಥ ಕಪ್ಪು ಬೆರೆಸಿ, ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು.

ಎಡಿಸನ್ 1877ರಲ್ಲಿ ದನಿಯನ್ನು ಹಿಡಿದದ್ದು ಉರುಳೆಯ ಮೇಲೆ. ಹತ್ತು ವರ್ಷಗಳ ಅನಂತರ ಎಮಿಲಿ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಪೇಟೆಂಟ್ ಪಡೆದ. ತಟ್ಟೆಯ ಮೇಲೆ ನೂರಾರು ಗೆರೆಗಳಿವೆ ಎಂದು ತೋರಿದರೂ ಒಂದು ಬದಿಯಲ್ಲಿರುವುದು ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಆ ಗೆರೆ ನೇರವಾಗಿಲ್ಲ, ದನಿಯ ಕಂಪನಕ್ಕೆ ತಕ್ಕಂತೆ ಅಕ್ಕಪಕ್ಕಕ್ಕೆ ಬಳುಕಿದೆ. ಮುಳ್ಳು ಆ ಬಳುಕನ್ನು ಅನುಸರಿಸಿ ನಡುಗುತ್ತದೆ. ನಡುಕ ತೆಳುವಾದ ಪೊರೆಗೆ ಮುಟ್ಟುತ್ತದೆ. ಪೊರೆ ಗಾಳಿಯನ್ನು ಕದಲಿಸುತ್ತದೆ. ಕಹಳೆ ಅದನ್ನು ದೊಡ್ಡದಾಗಿ ಕೇಳಿಸುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಹತ್ತು ಇಂಚಿನ ತಟ್ಟೆ ನಿಮಿಷಕ್ಕೆ 78 ಸುತ್ತಿನಂತೆ ಮೂರು ನಿಮಿಷದಲ್ಲಿ 234 ಸುತ್ತು ತಿರುಗುತ್ತದೆ. ಗೆರೆಯ ಸರಾಸರಿ ತ್ರಿಜ್ಯ ಎಂಟೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸುತ್ತಿನ ಉದ್ದ ಸುಮಾರು 53 ಸೆಂಟಿಮೀಟರ್. ಗುಣಿಸಿದರೆ ಮುಳ್ಳು ನಡೆದ ದಾರಿ 120 ಮೀಟರಿಗೂ ಹೆಚ್ಚು! ಅಂಚಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ನಡುವಿಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ತಟ್ಟೆ ತಿರುಗುವ ವೇಗ ಒಂದೇ ಆದರೂ ಹೀಗೇಕೆ ಎಂಬುದು ವೃತ್ತಾಕಾರದ ಚಲನೆಯ ಪಾಠದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ.

ಗಂಟೆಯ ರಾಗ, ನಿಮಿಷದ ತಟ್ಟೆ

ಭಾರತದ ದೊಡ್ಡ ಕಲಾವಿದರಲ್ಲಿ ಮೊದಲು ತಟ್ಟೆಗೆ ಹಾಡಿದವರೆಂದರೆ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಅವರ ಧ್ವನಿಮುದ್ರಣ ನಡೆಯಿತು. ಅವರ ಹಳೆಯ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಕೇಳಿಸುತ್ತದೆ. ಅದು ಬಿಂಕವಲ್ಲ. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ! ಈ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು.

ಮೈಕು ಬಳಕೆಗೆ ಬಂದದ್ದು 1925ರಿಂದ ಈಚೆಗೆ. ಅದಕ್ಕೂ ಮೊದಲು ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಎರಡು ಕಾಲದ ತಟ್ಟೆಗಳನ್ನು ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ಮಕ್ಕಳಿಗೂ ಗೊತ್ತಾಗುತ್ತದೆ. ಎರಡರಲ್ಲೂ ಬದಲಾಗದ್ದು ಮಾತ್ರ ಹೊತ್ತಿನ ಬಿಗಿ. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಗವಾಯಿಗಳು ಮೂರು ನಿಮಿಷದಲ್ಲಿ ಮುಗಿಸಬೇಕು. ಆಲಾಪ ಎಷ್ಟು, ತಾನು ಎಷ್ಟು, ಎಲ್ಲಿ ನಿಲ್ಲಿಸಬೇಕು? ಒಂದು ಪುಟದಲ್ಲಿ ಉತ್ತರ ಬರೆಯಬೇಕಾದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ತಟ್ಟೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಮರಳಿ ಬಾರದ್ದನ್ನು ಕಾಯ್ದಿಡುತ್ತದೆ. ಗಂಗೂಬಾಯಿ ಹಾನಗಲ್ಲ ಎಂದರೆ ಗಂಭೀರವಾದ, ಗಂಡುದನಿಯಂಥ ಕಂಠ ಎಲ್ಲರಿಗೂ ನೆನಪಾಗುತ್ತದೆ. ಆದರೆ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ ಎಳೆಯ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಆ ದನಿ ಹೋಯಿತು, ಬೇರೊಂದು ದನಿ ಬಂತು. ಅವರು ಎದೆಗುಂದದೆ ಆ ಹೊಸ ದನಿಯಲ್ಲೇ ಸಂಗೀತವನ್ನು ಕಟ್ಟಿದರು. ಅವರ ಹಳೆಯ ತಟ್ಟೆ, ಹೊಸ ತಟ್ಟೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದವರಿಗೆ ಈ ಧೈರ್ಯ ಅರ್ಥವಾಗುವಷ್ಟು ಬೇರೆ ಯಾರಿಗೂ ಆಗದು.

ಉದ್ದದ ತಟ್ಟೆಗಳು

ಟ್ರಂಕಿನಲ್ಲಿ ಹಗುರವಾದ, ತುಸು ಬಾಗುವ ತಟ್ಟೆಗಳೂ ಇದ್ದರೆ ಅವು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಅಮೆರಿಕದಲ್ಲಿ 1948ರಲ್ಲಿ ಎಲ್.ಪಿ. ಬಂತು, ಅದರ ವೇಗ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಮರುವರ್ಷ 45 ಸುತ್ತಿನ ಏಳಿಂಚಿನ ಪುಟ್ಟ ತಟ್ಟೆ ಬಂತು. ಚಿತ್ರಗೀತೆಗಳು ಮನೆಮನೆ ಮುಟ್ಟಿದ್ದು ಈ ಪುಟ್ಟ ತಟ್ಟೆಗಳಿಂದ. ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’ ಚಿತ್ರಕ್ಕೆ ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಇಬ್ಬರೂ ಹಾಡಿದ್ದಾರೆ.

ಎಲ್.ಪಿ.ಯ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಯುತ್ತದೆ. ಅದರ ಗೆರೆಯನ್ನು ಬಿಡಿಸಿದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್! ಇದರಿಂದ ಗಾಯಕರಿಗೆ ಉಸಿರಾಡಲು ಜಾಗ ಸಿಕ್ಕಿತು. ಮಲ್ಲಿಕಾರ್ಜುನ ಮನಸೂರರು ಅಪರೂಪದ ರಾಗವೊಂದನ್ನು ಒಂದೊಂದೇ ಆವರ್ತದಲ್ಲಿ ಬಿಡಿಸುತ್ತ ಹೋಗುವುದನ್ನು ತಟ್ಟೆಯಲ್ಲಿ ಕೇಳಲು ಸಾಧ್ಯವಾಗಿದ್ದು ಎಲ್.ಪಿ. ಬಂದ ಮೇಲೆಯೇ.

ವೇಗ ತಪ್ಪಿದರೆ ಏನಾಗುತ್ತದೆ ಎಂಬುದೂ ಸ್ವಾರಸ್ಯವಾದ ಪಾಠ. ಎಲ್.ಪಿ.ಯನ್ನು 45ರ ವೇಗದಲ್ಲಿ ತಿರುಗಿಸಿದರೆ ಹಾಡು ಬೇಗ ಮುಗಿಯುವುದಷ್ಟೇ ಅಲ್ಲ, ದನಿಯೂ ಕೀರಲಾಗುತ್ತದೆ. ಕಂಪನ ಸಂಖ್ಯೆ 1.35 ಪಟ್ಟು ಹೆಚ್ಚುತ್ತದೆ. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಪ್ರಮಾಣ 4:3, ಅಂದರೆ ಸುಮಾರು 1.33. ಹೀಗಾಗಿ ಗಾಯಕರ ಷಡ್ಜ ಮಧ್ಯಮದ ಎತ್ತರಕ್ಕೆ ಹೋಗಿ ಕೂರುತ್ತದೆ. ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ಮಕ್ಕಳೇ ಪರೀಕ್ಷಿಸಿ ನೋಡಬಹುದು.

ಕೇಳುವ ಕ್ರಮ

ಒಂದು ಟ್ರಂಕು ತಟ್ಟೆಗಳನ್ನು ಕೇಳಿ ಮುಗಿಸುವುದೆಂದರೆ ಪುಸ್ತಕವನ್ನು ಮೊದಲ ಪುಟದಿಂದ ಓದಿದಂತೆ. ಅದಕ್ಕೊಂದು ಕ್ರಮ ಬೇಕು. ಮೊದಲು ವೇಗದ ಪ್ರಕಾರ ತಟ್ಟೆಗಳನ್ನು ಬೇರ್ಪಡಿಸಬೇಕು. ಒಂದು ನೋಟುಬುಕ್ಕಿನಲ್ಲಿ ಕಂಪನಿ, ತಟ್ಟೆಯ ಸಂಖ್ಯೆ, ಹಾಡಿದವರು, ರಾಗ, ತಾಳ ಇವನ್ನೆಲ್ಲ ಬರೆದಿಡಬೇಕು. ತಟ್ಟೆಯ ನಡುವಿನ ಚೀಟಿ ಹರಿದಿದ್ದರೂ ಪಕ್ಕದ ನುಣುಪು ಜಾಗದಲ್ಲಿ ಸಂಖ್ಯೆ ಸಿಗುವುದುಂಟು. ಓರೆಯಾಗಿ ಬೆಳಕು ಹಿಡಿದು ನೋಡಬೇಕು.

ಆಮೇಲೆ ದಿನಕ್ಕೆ ಒಂದು ಬದಿ ಸಾಕು, ಆದರೆ ಮೂರು ಸಲ. ಮೊದಲ ಸಲ ಸುಮ್ಮನೆ ಕೇಳುವುದು. ಎರಡನೆಯ ಸಲ ತಾಳ ಹಾಕುತ್ತ, ಸಮ ಎಲ್ಲಿ ಬೀಳುತ್ತದೆಂದು ಗಮನಿಸುವುದು. ಮೂರನೆಯ ಸಲ ಹಾಡಿನ ಜೊತೆಗೆ ಮೆಲ್ಲಗೆ ಗುನುಗುವುದು. ಅಬ್ದುಲ್ ಕರೀಂ ಖಾನರ ಆ ಠುಮರಿಯನ್ನು ಭೀಮಸೇನರೂ ಮುಂದೆ ಹಾಡಿದರು. ಎರಡನ್ನೂ ಕೇಳಿ ಹೋಲಿಸಿದರೆ ಅನುಕರಣೆಗೂ ಕಲಿಕೆಗೂ ಇರುವ ಅಂತರ ತಿಳಿಯುತ್ತದೆ. ತಟ್ಟೆ ಎಂದೂ ಗುರುವಿಗೆ ಬದಲಿಯಲ್ಲ. ಕುಮಾರ ಗಂಧರ್ವರು ಬಾಲ್ಯದ ಅನುಕರಣೆ ಬಿಟ್ಟು ಮುಂಬಯಿಯ ಬಿ.ಆರ್. ದೇವಧರರಲ್ಲಿ ಕಲಿಯಬೇಕಾಯಿತು, ಭೀಮಸೇನರು ಕುಂದಗೋಳಕ್ಕೆ ಹೋಗಬೇಕಾಯಿತು. ತಟ್ಟೆ ಮಾಡಿದ್ದು ಇಷ್ಟೇ, ಎಂಥ ಗುರು ಬೇಕು ಎಂಬುದನ್ನು ಅವರ ಕಿವಿಗೆ ಹೇಳಿಕೊಟ್ಟಿತು.

ಎಚ್ಚರಿಕೆಯ ಮಾತೂ ಕೆಲವಿವೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಲೇಬಾರದು, ಅರಗು ಕರಗುತ್ತದೆ. ತಣ್ಣೀರಿನಲ್ಲಿ ತೊಯ್ಸಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ನೆರಳಲ್ಲಿ ಒಣಗಿಸಬೇಕು. ಎಲ್.ಪಿ.ಯ ಸಣ್ಣ ಮುಳ್ಳು 78ರ ಅಗಲವಾದ ಗೆರೆಗೆ ಹೊಂದುವುದಿಲ್ಲ. ಚಾವಿ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು. ಪ್ರತಿ ಸಲ ಕೇಳಿದಾಗಲೂ ಗೆರೆ ತುಸು ಸವೆಯುವುದರಿಂದ, ಒಮ್ಮೆ ಚೆನ್ನಾಗಿ ಕಂಪ್ಯೂಟರಿಗೆ ಮುದ್ರಿಸಿಕೊಂಡು ಆ ಪ್ರತಿಯನ್ನೇ ಮತ್ತೆ ಮತ್ತೆ ಕೇಳುವುದು ಜಾಣತನ. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ಇಂಥ ಹಳೆಯ ತಟ್ಟೆಗಳ ಬಗ್ಗೆ ಆಸಕ್ತಿಯುಳ್ಳವರನ್ನು ಒಟ್ಟುಗೂಡಿಸಿತು.

ಇಂದು ಮೊಬೈಲಿನಲ್ಲಿ ಸಾವಿರಾರು ಹಾಡುಗಳಿವೆ, ಅದು ದೊಡ್ಡ ಅನುಕೂಲವೇ ಸರಿ. ಆದರೆ ಬೆರಳು ತಾಗಿಸಿದರೆ ಮುಂದಿನ ಹಾಡು ಬರುವುದರಿಂದ ಒಂದನ್ನಾದರೂ ಕೊನೆಯವರೆಗೆ ಕೇಳುವ ತಾಳ್ಮೆ ಕಡಿಮೆಯಾಗುತ್ತಿದೆ. ತಟ್ಟೆಯಲ್ಲಿ ಆ ಅವಸರಕ್ಕೆ ಎಡೆಯಿಲ್ಲ. ಎದ್ದು ಹೋಗಿ ಮುಳ್ಳು ಎತ್ತಬೇಕು. ತಂದೆತಾಯಿ ಮಕ್ಕಳ ಜೊತೆ ಮೂರು ನಿಮಿಷ ಸುಮ್ಮನೆ ಕುಳಿತರೆ ಅದೇ ದೊಡ್ಡ ಸಹಾಯ.

ಈ ಕೆಲಸವನ್ನು ಬರುವ ವರ್ಷಕ್ಕೆ ದೂಡುವಂತಿಲ್ಲ. ಚೀಟಿ ಅಳಿಸಿಹೋದ ತಟ್ಟೆಯಿಂದ ದನಿಯೊಂದು ಎದ್ದಾಗ, ‘ಇದು ಇಂಥವರ ಹಾಡು, ಇಂಥ ನಾಟಕದ್ದು’ ಎಂದು ಥಟ್ಟನೆ ಹೇಳಬಲ್ಲ ಅಜ್ಜ-ಅಜ್ಜಿಯರು ಮನೆಮನೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ತಟ್ಟೆಯ ದನಿಯನ್ನು ಯಂತ್ರ ಕೇಳಿಸಬಲ್ಲದು. ಆ ಹೆಸರನ್ನು ಹೇಳಲು ಅವರೇ ಬೇಕು. ನೋಟುಬುಕ್ಕು ಹಿಡಿದು ಅವರ ಪಕ್ಕದಲ್ಲಿ ಕೂರುವ ಕೆಲಸ ಮೊಮ್ಮಕ್ಕಳದು.