ಗೋಡೆಗೂಡಿಗೆ ಪುಸ್ತಕದ ಹಲಗೆ

ಕಾಸರಗೋಡಿನ ನಮ್ಮ ಮುರಕಲ್ಲಿನ ಮನೆಯಲ್ಲಿ ನಾಲ್ಕಡಿ ಅಗಲದ ಗೋಡೆಗೂಡೊಂದಿದೆ. ಎರಡು ಬದಿಗೆ ರೀಪು ಹೊಡೆದು, 18 ಮಿ.ಮೀ. ಪ್ಲೈವುಡ್ ಕೂರಿಸಿ, ಇನ್ನು ಬಾಗಲಾರದು ಎಂದುಕೊಂಡೆವು. ಮಕ್ಕಳ ಪಠ್ಯಪುಸ್ತಕ, ಅಪ್ಪನ ದಪ್ಪ ನಿಘಂಟು ಎಲ್ಲ ಏರಿದವು. ಎರಡನೇ ಮಳೆಗಾಲಕ್ಕೆ ಹಲಗೆ ತೊಟ್ಟಿಲಿನಂತಾಗಿತ್ತು!

ಒಂದು ಮೀಟರ್ ಉದ್ದದ ಪುಸ್ತಕದ ಸಾಲು 20-30 ಕಿಲೋ ತೂಗುವುದುಂಟು. ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟು! ಆದ್ದರಿಂದ ದಪ್ಪಕ್ಕೆ ದುಡ್ಡು ಸುರಿಯುವ ಮೊದಲು ಆಧಾರ ನೋಡಿ.

ಎರಡೂವರೆ ಅಡಿಯೊಳಗೆ 18 ಮಿ.ಮೀ. ಪ್ಲೈವುಡ್ ಸಾಕು. ಅದಕ್ಕಿಂತ ಅಗಲವಿದ್ದರೆ ಹಿಂಬದಿ ಗೋಡೆಯುದ್ದಕ್ಕೂ ರೀಪು ಹೊಡೆಸಿ, ಮುಂದಿನ ಅಂಚಿನಡಿ ಎರಡಿಂಚಿನ ಮರದ ಪಟ್ಟಿಯನ್ನು ಅಂಟು, ಸ್ಕ್ರೂ ಹಾಕಿ ನಿಲ್ಲಿಸಿ. ನಾಲ್ಕಡಿಗಾದರೆ ನಡುವೆ ನಿಲುವು ಹಲಗೆಯೇ ಮೇಲು. ಮುರಕಲ್ಲಿನಲ್ಲಿ ಗಿಡ್ಡ ಸ್ಕ್ರೂ ಸಡಿಲವಾಗುತ್ತದೆ, ಉದ್ದದ್ದೇ ಬೇಕು. ಪಾರ್ಟಿಕಲ್ ಬೋರ್ಡ್ ಅಗ್ಗವೇನೋ ಹೌದು, ಆದರೆ ನಮ್ಮ ಮಳೆಯ ತೇವಕ್ಕೆ ಉಬ್ಬುತ್ತದೆ.

ನಾವು ಬಾಗಿದ ಹಲಗೆಯನ್ನೇ ಮಗುಚಿ ಹಾಕಿ, ನಡುವೆ ನಿಲುವು ಕೊಟ್ಟೆವು. ಅಪ್ಪನ ನಿಘಂಟು ಮಾತ್ರ ಈಗ ನಡುವಿನಲ್ಲಿಲ್ಲ, ಗೋಡೆಗೆ ತಾಗಿ ಮೂಲೆಯಲ್ಲಿದೆ.