ವೆಬ್‌ಸೈಟ್ ಕಾಯುವವರು

ದೇವನಹಳ್ಳಿ ತಾಲ್ಲೂಕಿನ ಕಾರ್ಖಾನೆಯಲ್ಲಿ ಈಗ ಐಫೋನ್ ತಯಾರಾಗುತ್ತದೆ. ಪಕ್ಕದ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಸೀರೆಯ ಫೋಟೊ ವಾಟ್ಸ್‌ಆ್ಯಪ್ ಹತ್ತಿ ಚಿಕ್ಕಪೇಟೆಗೆ ಹೋಗುತ್ತದೆ, ದರ ಅಲ್ಲಿ ತೀರ್ಮಾನವಾಗುತ್ತದೆ. ನಿಮ್ಮದೇ ವೆಬ್‌ಸೈಟ್ ಮಾಡಿಸಿ, ಗಿರಾಕಿ ನೇರ ಸಿಗುತ್ತಾನೆ ಎಂದು ನೇಕಾರರಿಗೆ ಉಪದೇಶ ಮಾಡುವವರಿಗೆ ಬರವಿಲ್ಲ. ಮಾಡಿಸಿದ ಮೇಲೆ, ಮೂರನೇ ವರ್ಷ ಅದು ಕೆಟ್ಟು ಕೂತಾಗ ಫೋನ್ ಎತ್ತುವವರು ಯಾರು?

ಈ ಪ್ರಶ್ನೆಯನ್ನೇ ಕಸುಬು ಮಾಡಿಕೊಂಡ ಸಣ್ಣ ಸಂಸ್ಥೆಗಳು ಬೆಂಗಳೂರಿನಲ್ಲಿ ಹುಟ್ಟಿ ಕಾಲು ಶತಮಾನವಾಯಿತು. ಸುನಿಲ್ ಅಬ್ರಹಾಂ 1998ರಲ್ಲಿ ಶುರು ಮಾಡಿದ 'ಮಾಹಿತಿ' ಅಂಥದ್ದೊಂದು. ಸ್ವಯಂಸೇವಾ ಸಂಸ್ಥೆಗಳಿಗೆ ತಂತ್ರಜ್ಞಾನ ದುಬಾರಿಯೂ ಆಗಬಾರದು, ಗೋಜಲೂ ಆಗಬಾರದು, ಅದಕ್ಕೆ ಮುಕ್ತ ತಂತ್ರಾಂಶವೇ ದಾರಿ ಎಂಬುದು ಅದರ ಹಟ. ಇನ್ನೊಂದು, ಟಿ.ಬಿ. ದಿನೇಶ್ ಅವರ 'ಸರ್ವ್‌ಲಾಟ್ಸ್' ಮತ್ತು 'ಜನಸ್ತು'. ಒಂದೇ ಬಳಗದ ಎರಡು ಮುಖ ಇವು: ಮೊದಲನೆಯದು ಕಂಪನಿ, ಎರಡನೆಯದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಬಿಲ್ ಹಾಕುವ ಕೈ ಬೇರೆ, ಬಿಲ್ ಇಲ್ಲದೆ ದುಡಿಯುವ ಕೈ ಬೇರೆ ಇದ್ದರೆ ಎರಡಕ್ಕೂ ಲೆಕ್ಕ ಸ್ವಚ್ಛ. ಇವತ್ತು ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಗಮನಿಸಬೇಕಾದದ್ದು ಈ ಏರ್ಪಾಡನ್ನು ಅನ್ನುವುದು ನನ್ನ ಅಭಿಪ್ರಾಯ.

ಜನಸ್ತು ನಗರದಲ್ಲೇ ಕೂರಲಿಲ್ಲ. ತುಮಕೂರು ರಸ್ತೆ ಹಿಡಿದು ನೆಲಮಂಗಲ, ಡಾಬಸ್‌ಪೇಟೆ ದಾಟಿ ದೇವರಾಯನದುರ್ಗದ ಬುಡದ ದುರ್ಗದಹಳ್ಳಿಗೆ ಹೋಯಿತು. ಅಲ್ಲಿ ಊರಿನವರೇ ನೋಡಿಕೊಳ್ಳಬಹುದಾದ ವೈಫೈ ಜಾಲ, ಅದರ ಮೇಲೊಂದು 'ನಮ್ಮ ಹಳ್ಳಿ ರೇಡಿಯೊ'. ಇಂಥ ಜಾಲದಲ್ಲಿ ಒಂದು ರೂಟರ್ ಪಕ್ಕದ ರೂಟರ್‌ಗೆ ಮಾಹಿತಿ ದಾಟಿಸುತ್ತಾ ಹೋಗುತ್ತದೆ. ಹೊರಗಿನ ಇಂಟರ್ನೆಟ್ ಕಡಿದುಹೋದರೂ ಊರೊಳಗಿನ ಸರ್ವರ್‌ನಲ್ಲಿರುವ ಹಾಡು, ಮಾತು, ಫೋಟೊ ಎಲ್ಲಿಗೂ ಹೋಗುವುದಿಲ್ಲ. ಅವರ 'ಅಲಿಪಿ' ಪ್ರಯೋಗ ಇನ್ನೂ ಚೆಲುವಾದದ್ದು. ಇಂಗ್ಲಿಷಿನಲ್ಲಿರುವ ಒಂದು ಪುಟವನ್ನು ಮೂಲ ಕೆಡಿಸದೆ, ಅದರ ಮೇಲೊಂದು ಪದರವಾಗಿ ಕನ್ನಡದಲ್ಲೋ, ಸರಳ ಮಾತಿನಲ್ಲೋ, ಧ್ವನಿಯಲ್ಲೋ ಬೇರೆಯವರು ಮತ್ತೆ ಹೇಳಬಹುದು. ಓದಲು ಬಾರದವರಿಗೂ ವೆಬ್ ಸೇರಿದ್ದು ಎಂದು ನಂಬಿದವರಿಗೆ ಮಾತ್ರ ಹೊಳೆಯುವ ಕೆಲಸ ಇದು. ದೊಡ್ಡ ಕಂಪನಿಗಳ ಟೆಂಡರಿನಲ್ಲಿ ಇಂಥದ್ದಕ್ಕೆ ಕಾಲಂ ಇರುವುದಿಲ್ಲ.

ಹೊಸ ಆಲೋಚನೆಗೆ ಹೇಗಾದರೂ ಅನುದಾನ ಹುಟ್ಟೀತು, ಹಳೆಯದನ್ನು ಕಾಯುವುದಕ್ಕೆ ಹುಟ್ಟುವುದಿಲ್ಲ. ಬೋರ್‌ವೆಲ್ ಕೊರೆಸಲು ಯೋಜನೆಯ ದುಡ್ಡಿದೆ, ಮೋಟಾರು ಸುಟ್ಟರೆ ರೈತನ ಜೇಬು. ವೆಬ್ಬಿನ ಪಾಡೂ ಅದೇ. ಡೊಮೇನ್ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಭದ್ರತಾ ಪ್ರಮಾಣಪತ್ರಕ್ಕೆ ಹಿಂದೆ ಸಾವಿರಗಟ್ಟಲೆ ಕಟ್ಟಬೇಕಿತ್ತು. 2015ರ ಕೊನೆಗೆ 'ಲೆಟ್ಸ್ ಎನ್‌ಕ್ರಿಪ್ಟ್' ಎಲ್ಲರಿಗೂ ತೆರೆದ ಮೇಲೆ ಅದು ಪುಕ್ಕಟೆ, ಆದರೆ 90 ದಿನಕ್ಕೊಮ್ಮೆ ನವೀಕರಿಸಬೇಕು. ಅದು ತಾನಾಗಿಯೇ ಆಗುವಂತೆ ಮಾಡಿಡಬಹುದು. ಹಾಗೆ ಮಾಡಿಟ್ಟದ್ದು ಒಂದು ದಿನ ನಿಂತುಹೋದರೆ ನೋಡಲು ಮನುಷ್ಯ ಬೇಕು. ವರ್ಡ್‌ಪ್ರೆಸ್ ತಾಣವಾದರೆ ಅದರ ಪ್ಲಗಿನ್‌ಗಳನ್ನು ಆಗಾಗ ಹೊಸದಾಗಿಸದಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಡೊಮೇನ್ ನವೀಕರಿಸಲು ಮರೆತರಂತೂ ಬೇರೆ ಯಾರೋ ಕೊಂಡು, ಮಹಿಳಾ ಸಂಘದ ಹೆಸರಿನ ಪುಟದಲ್ಲಿ ರಮ್ಮಿ ಆಟದ ಜಾಹೀರಾತು ಕುಣಿಯುತ್ತದೆ.

ಇದಕ್ಕೆಲ್ಲ ದುಡ್ಡು ಕೊಡಬೇಕಾದ ಸಂಸ್ಥೆಗಳ ಕೈಯೂ ಕಟ್ಟಿದೆ. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿಯಾಗಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದೂ ನಿಂತಿತು. ನಗರದ ದೊಡ್ಡ ಸಂಸ್ಥೆಯನ್ನು ನೆಚ್ಚಿಕೊಂಡಿದ್ದ ತಾಲ್ಲೂಕು ಮಟ್ಟದ ಸಂಘಗಳಿಗೆ ಏಟು ಬಿದ್ದದ್ದು ಇಲ್ಲಿ. ಅವರಿಗೆ ವೆಬ್‌ಸೈಟ್ ನಿರ್ವಹಣೆ ಪಟ್ಟಿಯ ಕೊನೆಯ ಸಾಲು.

ಹಾಗಾಗಿ ಹೊಸಕೋಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಇಬ್ಬರು ಮೂವರು ಸೇರಿ ಇಂಥ ಸಲಹಾ ಸಂಸ್ಥೆ ತೆರೆದರೆ ಕಟ್ಟುವ ಕೂಲಿಯನ್ನು ಕಡಿಮೆ ಇಟ್ಟು, ಕಾಯುವುದಕ್ಕೆ ವರ್ಷದ ಶುಲ್ಕ ಗೊತ್ತುಮಾಡುವುದು ಒಳ್ಳೆಯದು. ಹತ್ತು ಸಂಘಗಳು ಒಂದೇ ಸರ್ವರ್ ಹಂಚಿಕೊಂಡರೆ ಖರ್ಚು ಹಗುರ. ಡೊಮೇನ್ ಮಾತ್ರ ಸಂಘದ ಹೆಸರಿನಲ್ಲೇ ಇರಬೇಕು, ಪಾಸ್‌ವರ್ಡ್ ಅವರ ಕೈಯಲ್ಲಿರಬೇಕು. ಡೆವಲಪರ್ ಜಗಳವಾಡಿ ಹೋದಾಗ ಹೆಸರೂ ಅವನ ಜೊತೆ ಹೋಗುವ ಕಥೆ ಈ ಕಸುಬಿನಲ್ಲಿ ಬೇಕಾದಷ್ಟಿದೆ. ಇನ್ನು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ವರದಿಗಳ ರಾಶಿ: ಹಾಗೇ ವೆಬ್ಬಿಗೆ ಹಾಕಿದರೆ ಮೊಬೈಲಿನಲ್ಲಿ ಅರ್ಥವಾಗದ ಅಕ್ಷರ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಅರ್ಕಾವತ್ತು ತಿದ್ದಿಕೊಡುವುದೇ ತಿಂಗಳುಗಟ್ಟಲೆಯ ಕೆಲಸ. ಡಿಗ್ರಿ ಮುಗಿಸಿ ದಿನಾ ಯಶವಂತಪುರಕ್ಕೆ ರೈಲು ಹತ್ತುವ ಹುಡುಗ ಹುಡುಗಿಯರು ಊರಲ್ಲೇ ಕೂತು ಮಾಡಬಹುದಾದದ್ದು.

ಕೆಲವೊಮ್ಮೆ ಬೇಡ ಎನ್ನುವುದೂ ಸಲಹೆಯೇ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಆದರೆ ನಾಲ್ಕು ಮರ ಇಟ್ಟುಕೊಂಡ ರೈತನಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟರೆ ಅವನಿಗಿಂತ ಕಟ್ಟಿದವರಿಗೇ ಲಾಭ. ಗೂಗಲ್ ನಕಾಶೆಯಲ್ಲಿ ತೋಟದ ಹೆಸರು, ಫೋನ್ ನಂಬರು, ಹಣ್ಣು ಬರುವ ತಿಂಗಳು ಹಾಕಿಕೊಟ್ಟರೆ ಸಾಕು. ಅದು ಅರ್ಧ ಗಂಟೆಯ ಕೆಲಸ, ದುಡ್ಡು ಕೇಳಲು ಮುಖವಿರುವುದಿಲ್ಲ.

ಕಾಯುವ ಕೆಲಸಕ್ಕೆ ವರ್ಷದ ಶುಲ್ಕ ಕೊಡುವವರು ಯಾರು ಎಂದರೆ ನನ್ನ ಕಣ್ಣು ಹೋಗುವುದು ಹಳ್ಳಿಯ ಹಾಲಿನ ಡೇರಿಗಳ ಕಡೆಗೆ. ಈ ತಾಲ್ಲೂಕುಗಳ ಊರೂರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಲೆಕ್ಕ ಪರಿಶೋಧನೆಗೆ ವರ್ಷವರ್ಷ ಹಣ ತೆಗೆದಿಡುವ ರೂಢಿ ಅವಕ್ಕೆ ಮೊದಲೇ ಇದೆ. ಹೋಬಳಿಗೆ ಇಪ್ಪತ್ತು ಡೇರಿ ಸೇರಿದರೂ ಒಬ್ಬ ಹುಡುಗಿಯ ಅರೆಕಾಲಿಕ ಸಂಬಳ ಹುಟ್ಟುತ್ತದೆ. ಕೊಬ್ಬಿನ ಲೆಕ್ಕ, ಬಟವಾಡೆಯ ದಿನ, ಪಶು ವೈದ್ಯರು ಬರುವ ಹೊತ್ತು ಎಲ್ಲ ಒಂದೇ ಪುಟದಲ್ಲಿ ಕನ್ನಡದಲ್ಲಿ ಕಾಣುವಂತೆ ಮಾಡಿದರೆ ಜನ ನೋಡದೆ ಇರುವುದಿಲ್ಲ. ಖರ್ಚಿಗೆ ಸರ್ವ ಸದಸ್ಯರ ಸಭೆಯಲ್ಲಿ ಒಪ್ಪಿಗೆ ಬೇಕು. ಮಾರ್ಚ್‌ಗೆ ಲೆಕ್ಕ ಮುಗಿಯುತ್ತದೆ, ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ. ಅಷ್ಟರೊಳಗೆ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಕಂಡು ಮಾತಾಡಿಕೊಂಡು ಬರಬೇಕು.